ಕಾಕಾನ ಬೀಡಿ, ನನ್ನ ಗ್ರೀನ್ ಟೀ

ಹಬ್ಬಕ್ಕೆ ಊರಿಗೆ ಹೋಗುವಾಗ ಬೆಂಗಳೂರಿನಿಂದ ಗ್ರೀನ್ ಟೀ ಡಬ್ಬಿ ಒಯ್ದಿದ್ದೆ. ಮೂವತ್ತು ವರ್ಷ ಶಹಾಬಾದಿನ ಗಣಿಯಲ್ಲಿ ಪರ್ಸಿ ಕಲ್ಲು ಕಡಿದ ಕಾಕಾ ಒಂದು ಗುಟುಕು ಹೀರಿ, "ಹಾಲಿಲ್ಲ, ಸಕ್ರಿ ಇಲ್ಲ, ಇದ್ಯಾವ ಚಾ ಅದಪಾ?" ಅಂದ. ಲೋಟ ಬದಿಗಿಟ್ಟು ಬೀಡಿ ಹಚ್ಚಿದ. ಜೊತೆಗೆ ಅದೇ ಹಳೇ ಕೆಮ್ಮು.

ಡಬ್ಬಿ ಒಯ್ದದ್ದು ಮೊಬೈಲಿಗೆ ಬಂದ ಒಂದು ಸಾಲನ್ನು ನಂಬಿ: 'ಗ್ರೀನ್ ಟೀ ಶ್ವಾಸಕೋಶದ ಕ್ಯಾನ್ಸರ್ ಜೀನ್ ಆಫ್ ಮಾಡುತ್ತೆ.' ಆಮೇಲೆ ಕೂತು ಹುಡುಕಿದೆ. ಸಾಲು ಪೂರಾ ಸುಳ್ಳಲ್ಲ, ಅದೇ ಕಿರಿಕಿರಿ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ, ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಸುಮ್ಮನಾಗಿದ್ದ ಡಬ್ಲ್ಯೂಐಎಫ್-1 ಜೀನನ್ನು ಮತ್ತೆ ಎಬ್ಬಿಸಿತೆಂದು 2009ರ ಒಂದು ಅಧ್ಯಯನ ಹೇಳುತ್ತದೆ. ಕೋಶ ಬೆಳೆಯುವ ಸಂಕೇತಕ್ಕೆ ಕಡಿವಾಣ ಹಾಕುವ ಜೀನ್ ಅದು. ಅಂದರೆ ಇಲ್ಲಿ ಆದದ್ದು ಆಫ್ ಅಲ್ಲ, ಆನ್! ಅದೂ ಲ್ಯಾಬಿನ ತಟ್ಟೆಯಲ್ಲಿ. ಇಂಥ ಪ್ರಯೋಗಗಳಲ್ಲಿ ಹಾಕುವ ಪ್ರಮಾಣ, ಕೆಲವು ಲೋಟ ಟೀ ಕುಡಿದಾಗ ರಕ್ತಕ್ಕೆ ಸೇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮನುಷ್ಯರ ಮೇಲಿನದು 2010ರಲ್ಲಿ ಮಂಡನೆಯಾದ ತೈವಾನಿನ ಅಧ್ಯಯನ. 170 ರೋಗಿಗಳು, 340 ಆರೋಗ್ಯವಂತರು. ಸೇದುವವರಲ್ಲಿ, ದಿನಕ್ಕೊಂದು ಲೋಟವಾದರೂ ಗ್ರೀನ್ ಟೀ ಕುಡಿಯುವವರಿಗಿಂತ ಕುಡಿಯದವರಿಗೆ ಅಪಾಯ 12 ಪಟ್ಟಿಗೂ ಹೆಚ್ಚು. ಐಜಿಎಫ್-1 ಜೀನಿನ ರೂಪ ಬೇರೆಯಾದರೆ ಲಾಭವೂ ಬೇರೆ. ಸಂಖ್ಯೆ ನೋಡಿ ನಾನೂ ಬೆರಗಾದೆ. ಆದರೆ ಕಾಯಿಲೆ ಬಂದ ಮೇಲೆ 'ನೀವು ಏನು ಕುಡೀತಿದ್ರಿ?' ಎಂದು ಕೇಳಿ ಹೋಲಿಸಿದ ಲೆಕ್ಕ ಇದು. ಟೀ ಕುಡಿಯುವವರು ಊಟದಲ್ಲಿ, ಬದುಕಿನಲ್ಲಿ ಬೇರೆ ರೀತಿಯೂ ಇರಬಹುದಲ್ಲ? ಲಾಗ್ ನೋಡಿ ಬಗ್ ಎಲ್ಲಿದೆ ಅಂತ ಊಹಿಸೋದು ಬೇರೆ, ಫಿಕ್ಸ್ ಹಾಕಿ ಟೆಸ್ಟ್ ಮಾಡೋದು ಬೇರೆ. ಆ ಸಾಲು ಬರೆದವರು ಲಾಗ್ ನೋಡಿಯೇ ರಿಲೀಸ್ ಮಾಡಿಬಿಟ್ಟಿದ್ದಾರೆ.

ಸೇಡಂನಿಂದ ಚಿತ್ತಾಪುರ, ವಾಡಿ ದಾಟಿ ಶಹಾಬಾದಿನವರೆಗೆ ಸುಣ್ಣದಕಲ್ಲಿನ ನೆಲ. ಕಲ್ಲಿನ ಧೂಳಿನ ಸ್ಫಟಿಕ ಸಿಲಿಕಾ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಸುಣ್ಣದಕಲ್ಲಿನಲ್ಲಿ ಅದು ಗ್ರಾನೈಟಿನಷ್ಟು ಇರೋದಿಲ್ಲ, ನಿಜ. ಆದರೆ ಕಾಕಾ ಮುಖಕ್ಕೆ ಟವೆಲ್ ಬಿಟ್ಟರೆ ಬೇರೇನೂ ಕಟ್ಟಿದ್ದನ್ನು ನಾನು ನೋಡಿಲ್ಲ. ಮೇಲೆ ಬೀಡಿ. ಸೇದುವುದು ಬಿಟ್ಟು ಹತ್ತು ವರ್ಷವಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ಹಳೇ ಮಾತು, ಫಾರ್ವರ್ಡ್ ಆಗಿ ಯಾರೂ ಕಳಿಸಲ್ಲ.

ಆವತ್ತು ಲೋಟದ ಬದಲು ಬೀಡಿಯ ಮಾತು ತೆಗೀಬೇಕಿತ್ತು. ಬೈತಾನೆ ಅಂತ ಹೆದರಿ ಟೀ ಕೊಟ್ಟೆ. ಮುಂದಿನ ಸಲ ಕಲಬುರಗಿಗೆ ಕರ್ಕೊಂಡು ಹೋಗಿ ಎದೆ ತೋರಿಸೋಣ ಅಂತ ಫೋನಿನಲ್ಲಿ ಹೇಳಿದ್ದೇನೆ. "ನೋಡೂನು ಬಾ" ಅಂದಿದ್ದಾನೆ.