ಕೃತಕ ದಿಬ್ಬ: ಮೀನಿನ ಮನೆಯೋ, ಮೀನಿನ ಸಂತೆಯೋ?

'ಅನುಕೂಲ ಮತ್ತು ಅನನುಕೂಲಗಳನ್ನು ಪಟ್ಟಿ ಮಾಡಿ' ಎಂಬ ಪ್ರಶ್ನೆ ಕಂಡ ಕೂಡಲೇ ವಿದ್ಯಾರ್ಥಿ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತಾನೆ. ಎಡಗಡೆ ಮೂರು ಅಂಶ, ಬಲಗಡೆ ಮೂರು ಅಂಶ. ಅಂಕ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಸಮುದ್ರದ ತಳದಲ್ಲಿ ಕಾಂಕ್ರೀಟ್ ರಚನೆ, ಹಳೆಯ ಹಡಗು ಮುಂತಾದವನ್ನು ಇಳಿಸಿ ನಿರ್ಮಿಸುವ ಕೃತಕ ದಿಬ್ಬಗಳ ಬಗ್ಗೆ ಬರುವ ಬರಹಗಳೂ ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ಎಡಗಡೆ: ಮೀನು ಹೆಚ್ಚುತ್ತದೆ, ದಡದ ಸವೆತ ತಗ್ಗುತ್ತದೆ, ಮುಳುಗುಗಾರರು ನೋಡಲು ಬರುತ್ತಾರೆ. ಬಲಗಡೆ: ಮಾಲಿನ್ಯವಾಗಬಹುದು, ಖರ್ಚು ಹೆಚ್ಚು, ಬಿರುಗಾಳಿಗೆ ಚದುರಬಹುದು. ಇವು ಯಾವುವೂ ಸುಳ್ಳಲ್ಲ. ಈ ಲೇಖನದ ತಕರಾರು ಇರುವುದು ನಡುವಿನ ಗೆರೆಯ ಬಗ್ಗೆ. ಕೃತಕ ದಿಬ್ಬದ ಅತಿ ಮುಖ್ಯ ಗುಣವೆಂದರೆ ಅಲ್ಲಿ ಮೀನು ಸೇರುತ್ತದೆ ಎಂಬುದು. ಆ ಗುಣವನ್ನು ಗೆರೆಯ ಯಾವ ಕಡೆ ಬರೆಯಬೇಕು?

ಬಂಡೆಯಿರುವಲ್ಲಿ, ಮುಳುಗಿದ ದೋಣಿಯಿರುವಲ್ಲಿ ಮೀನಿರುತ್ತದೆ ಎಂಬುದು ಮೀನುಗಾರರಿಗೆ ತಲೆಮಾರುಗಳಿಂದ ಗೊತ್ತು. ಜಪಾನಿನ ಮೀನುಗಾರರು 18ನೆಯ ಶತಮಾನದ ಕೊನೆಯ ವೇಳೆಗಾಗಲೇ ಮರದ ಚೌಕಟ್ಟುಗಳನ್ನು ಕಡಲಿಗಿಳಿಸಿ ಮೀನು ಸೇರಿಸುತ್ತಿದ್ದರು. ತಮಿಳುನಾಡಿನ ಕರಾವಳಿಯಲ್ಲೂ ಕಲ್ಲು, ಮರದ ಕೊಂಬೆಗಳನ್ನು ಮುಳುಗಿಸುವ ರೂಢಿ ಹಳೆಯದು.

ಇದರ ಹಿಂದಿನ ಜೀವವಿಜ್ಞಾನ ಕಷ್ಟದ್ದೇನಲ್ಲ. ಮರಳು ಅಥವಾ ಕೆಸರಿನ ತಳದಲ್ಲಿ ಅಂಟಿಕೊಳ್ಳಲು ಗಟ್ಟಿ ನೆಲೆಯಿಲ್ಲ. ಅಲ್ಲಿಗೆ ಒಂದು ಕಾಂಕ್ರೀಟ್ ಗೂಡು ಇಳಿದರೆ ಕೆಲವು ದಿನಗಳಲ್ಲೇ ಬ್ಯಾಕ್ಟೀರಿಯಗಳ ತೆಳುಪೊರೆ ಅದನ್ನು ಆವರಿಸುತ್ತದೆ. ಅದರ ಮೇಲೆ ಪಾಚಿ, ಬಾರ್ನಕಲ್, ಹಸಿರು ಮಳಿ, ಸ್ಪಂಜುಗಳ ಲಾರ್ವಾಗಳು ನೆಲೆಯೂರುತ್ತವೆ. ಹೊಸ ಕಾಂಕ್ರೀಟಿನ ಮೇಲ್ಮೈ ಬಹಳ ಕ್ಷಾರೀಯ, ಪಿಎಚ್ 12ರ ಆಸುಪಾಸು. ಕಡಲ ನೀರಿನದು ಸುಮಾರು 8.1. ಆದ್ದರಿಂದ ಕೆಲವು ಜೀವಿಗಳು ಮೊದಲ ತಿಂಗಳುಗಳಲ್ಲಿ ಹಿಂಜರಿಯುತ್ತವೆ, ಮೇಲ್ಮೈ ಹದಗೊಂಡ ಮೇಲೆ ಬರುತ್ತವೆ. ಸಣ್ಣ ಮೀನಿಗೆ ಸಂದು, ನೆರಳು, ಪ್ರವಾಹದಿಂದ ಮರೆ ಸಿಗುತ್ತದೆ. ಅವುಗಳ ಹಿಂದೆ ದೊಡ್ಡ ಮೀನು ಬರುತ್ತದೆ. ಕೆಲವೇ ವಾರಗಳಲ್ಲಿ ಕ್ಯಾಮೆರಾ ಹಿಡಿದು ಇಳಿದವರಿಗೆ ಮೀನಿನ ಹಿಂಡು ಕಾಣುತ್ತದೆ, 'ಬರಡು ತಳ ಸಮೃದ್ಧವಾಯಿತು' ಎಂಬ ವರದಿ ಪ್ರಕಟವಾಗುತ್ತದೆ.

ನಾವು ಅನುಮಾನ ಪಡಬೇಕಾದುದು ಈ 'ಕೆಲವೇ ವಾರ'ಗಳ ಬಗ್ಗೆ. ಮೊಟ್ಟೆಯಿಂದ ಹೊರಬಂದ ಮೀನು ಕೆಲವು ವಾರಗಳಲ್ಲಿ ಮೊಳದುದ್ದ ಬೆಳೆಯಲಾರದು. ಹಾಗಿದ್ದರೆ ಈ ದೊಡ್ಡ ಮೀನುಗಳು ಎಲ್ಲಿದ್ದವು? ಬೇರೆಡೆ ಇದ್ದವು, ಇಲ್ಲಿಗೆ ಬಂದವು. ವಾರದ ಸಂತೆಯ ದಿನ ಸಂತೆಮಾಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗೆಂದು ಆ ದಿನ ತಾಲ್ಲೂಕಿನ ಜನಸಂಖ್ಯೆ ಹೆಚ್ಚಿತು ಎಂದು ಯಾರಾದರೂ ಹೇಳುತ್ತಾರೆಯೆ? ಸುತ್ತಲಿನ ಹಳ್ಳಿಗಳಲ್ಲಿ ಅಷ್ಟೇ ಜನ ಕಡಿಮೆಯಾಗಿರುತ್ತಾರೆ.

ಈ ಪ್ರಶ್ನೆಯನ್ನು 1989ರಲ್ಲಿ ಅಮೆರಿಕದ ಮೀನುವಿಜ್ಞಾನಿ ಜೇಮ್ಸ್ ಬೋನ್‌ಸ್ಯಾಕ್ ಸ್ಪಷ್ಟವಾಗಿ ಮುಂದಿಟ್ಟರು. ದಿಬ್ಬದ ಬಳಿ ಮೀನಿನ ಸಾಂದ್ರತೆ ಹೆಚ್ಚಿರುವುದು ಆವಾಸದ ಕೊರತೆ ನೀಗಿದ್ದರಿಂದಲೋ, ಅಥವಾ ಮೀನಿನ ವರ್ತನೆಯ ಒಲವಿನಿಂದಲೋ? ಮೊದಲನೆಯದಾದರೆ ದಿಬ್ಬ ಮೀನನ್ನು ಉತ್ಪಾದಿಸುತ್ತಿದೆ. ಎರಡನೆಯದಾದರೆ ಬರೀ ಆಕರ್ಷಿಸುತ್ತಿದೆ. ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಜಾತಿಯಿಂದ ಜಾತಿಗೆ ಪ್ರಮಾಣ ಬೇರೆಯಾಗಬಹುದು ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಸಂದುಗೊಂದುಗಳಲ್ಲೇ ಬಾಳುವ, ಹೆಚ್ಚು ಅಲೆಯದ ಜಾತಿಗಳಿಗೆ ಹೊಸ ಸಂದು ಎಂದರೆ ನಿಜವಾಗಿಯೂ ಹೊಸ ಮನೆ. ಆದರೆ ಒಂದು ಜಾತಿಯ ಸಂಖ್ಯೆ ತಗ್ಗಿರುವುದು ಅತಿಯಾಗಿ ಹಿಡಿದದ್ದರಿಂದ ಎಂದಾದರೆ, ಅದಕ್ಕೆ ಮನೆಯ ಕೊರತೆಯೇ ಇಲ್ಲ. ಇರುವ ಮನೆಗಳೇ ಖಾಲಿ ಬಿದ್ದಿವೆ.

ಈ ವ್ಯತ್ಯಾಸ ಬರೀ ಪಂಡಿತರ ಚರ್ಚೆಯಲ್ಲ. ಒಂದು ಕಲ್ಪಿತ ಲೆಕ್ಕ ನೋಡೋಣ. ವಿಶಾಲ ತಳದಲ್ಲಿ 1,000 ಮೀನು ಹರಡಿಕೊಂಡಿವೆ. ದೋಣಿಗಳು ಹುಡುಕಿ ಹುಡುಕಿ ಒಂದು ಋತುವಿನಲ್ಲಿ 200 ಹಿಡಿಯುತ್ತವೆ. ಉಳಿದ 800 ಮರಿ ಮಾಡಿ ಮರುವರ್ಷಕ್ಕೆ ಸಂಖ್ಯೆ ಮತ್ತೆ 1,000ಕ್ಕೆ ಮುಟ್ಟುತ್ತದೆ. ಈಗ ದಿಬ್ಬ ಬಂತು, 600 ಮೀನು ಅಲ್ಲಿ ಸೇರಿದವು, ಆ ಜಾಗ ಎಲ್ಲ ದೋಣಿಗಳಿಗೂ ಗೊತ್ತು. ಹುಡುಕುವ ಶ್ರಮವಿಲ್ಲದೆ 450 ಹಿಡಿದರು. ಆ ವರ್ಷ ದಿಬ್ಬಕ್ಕೆ ಜೈಕಾರ. ಮರುವರ್ಷಕ್ಕೆ ತಾಯಿಮೀನು ಉಳಿದದ್ದು 550 ಮಾತ್ರ. ದಿಬ್ಬ 50 ಹೊಸ ಮೀನನ್ನು ಉತ್ಪಾದಿಸಿದ್ದರೂ ಈ ಲೆಕ್ಕ ಸರಿಹೋಗದು.

ಇನ್ನೂ ಒಂದು ಮೋಸವಿದೆ. ಮೀನು ಗುಂಪುಗೂಡುವ ಜಾಗದಲ್ಲಿ ಒಂದು ಗಂಟೆಯ ದುಡಿಮೆಗೆ ಸಿಗುವ ಮೀನು, ಒಟ್ಟು ಸಂಖ್ಯೆ ಕುಸಿಯುತ್ತಿದ್ದರೂ, ಬಹುಕಾಲ ಹಾಗೆಯೇ ಉಳಿಯುತ್ತದೆ. ಅಳಿದುಳಿದ ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತಿರುತ್ತದೆ. ಕೆನಡಾದ ನ್ಯೂಫೌಂಡ್‌ಲೆಂಡಿನ ಕಾಡ್ ಮೀನುಗಾರಿಕೆ 1992ರಲ್ಲಿ ಕುಸಿದು ನಿಷೇಧಕ್ಕೊಳಗಾಗುವ ಮುನ್ನ ಟ್ರಾಲರುಗಳ ಬಲೆ ತುಂಬುತ್ತಲೇ ಇತ್ತು. ಅಲ್ಲಿ ಕೃತಕ ದಿಬ್ಬವಿರಲಿಲ್ಲ, ಮೀನು ತಾನಾಗಿಯೇ ಗುಂಪುಗೂಡಿತ್ತು. ದಿಬ್ಬ ಮಾಡುವುದು ಇದನ್ನೇ, ನಾವು ಆರಿಸಿದ ಜಾಗದಲ್ಲಿ.

ನಮ್ಮ ಕರಾವಳಿಯಲ್ಲಿಯೇ ಇದಕ್ಕೊಂದು ಪಾಠವಿದೆ. ಮಂಗಳೂರಿನ ಕಡೆ ಕಪ್ಪೆ ಬೊಂಡಾಸ್ ಎಂದು ಕರೆಯುವ ಕಟಲ್‌ಫಿಶ್ ನಿಜವಾಗಿ ಮೀನಲ್ಲ, ಆಕ್ಟೋಪಸ್ಸಿನ ಬಳಗದ ಮೃದ್ವಂಗಿ. ಅದರ ಆಯುಸ್ಸು ಸುಮಾರು ಒಂದು ವರ್ಷ. ಬದುಕಿನ ಕೊನೆಯಲ್ಲಿ ದ್ರಾಕ್ಷಿಗೊಂಚಲಿನಂತೆ ಮೊಟ್ಟೆಗಳನ್ನು ಯಾವುದಾದರೂ ಆಸರೆಗೆ ಅಂಟಿಸಿ ಸಾಯುತ್ತದೆ. ಈ ಗುಣ ಬಲ್ಲ ಗಾಳದ ಮೀನುಗಾರರು, ಅವರಲ್ಲಿ ಹೆಚ್ಚಿನವರು ತಮಿಳುನಾಡಿನ ದಕ್ಷಿಣ ತುದಿಯಿಂದ ಬರುವವರು, ತೆಂಗಿನ ಹೊಂಬಾಳೆಗಳನ್ನು ಕಟ್ಟಿ ಮರಳು ಚೀಲದ ಭಾರದಿಂದ ತಳಕ್ಕಿಳಿಸುತ್ತಾರೆ. ಮೊಟ್ಟೆಯಿಡಲು ಬಂದ ದೊಡ್ಡ ಕಟಲ್‌ಫಿಶ್‌ಗಳು ಅಲ್ಲಿ ಸೇರಿದಾಗ ಗಾಳಕ್ಕೆ ಸಿಗುತ್ತವೆ. ಟ್ರಾಲರಿನವರಿಗೂ ಇವರಿಗೂ ಇದೇ ವಿಷಯವಾಗಿ ಜಗಳಗಳಾಗಿವೆ. ಹೊಂಬಾಳೆ ಬಲೆಗೆ ಸಿಕ್ಕುತ್ತದೆ ಎಂಬುದು ಟ್ರಾಲರಿನವರ ದೂರು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ವಿಧಾನವನ್ನು ಅಧ್ಯಯನ ಮಾಡಿ, ಮೊಟ್ಟೆಯಿಡುವ ಹಂತದ ಪ್ರಾಣಿಗಳೇ ಹಿಡಿಯಲ್ಪಡುವ ಬಗ್ಗೆ ಎಚ್ಚರಿಸಿದ್ದಾರೆ. ಟ್ರಾಲಿಂಗಿನಿಂದ ಕಡಲ ತಳಕ್ಕಾಗುವ ಹಾನಿಯ ಮುಂದೆ ಗಾಳದವರ ತಪ್ಪು ದೊಡ್ಡದೆಂದು ನಾನು ಹೇಳಲಾರೆ. ಆದರೆ ಹೊಂಬಾಳೆಯ ಕಂತೆ ಏನು ಮಾಡುತ್ತದೆ ನೋಡಿ. ಅದು ಆಸರೆ ಕೊಡುತ್ತದೆ, ಮೊಟ್ಟೆಗೆ ನೆಲೆ ಕೊಡುತ್ತದೆ. ಪಟ್ಟಿಯ ಎಡಗಡೆ ಬರೆಯಬಹುದಾದ ಎಲ್ಲ ಗುಣವೂ ಅದಕ್ಕಿದೆ. ಪಕ್ಕದಲ್ಲಿ ಗಾಳ ಇರುವುದರಿಂದ ಅವೇ ಗುಣಗಳು ಉರುಳಾಗುತ್ತವೆ.

ಹಾಗಾದರೆ ಕೃತಕ ದಿಬ್ಬ ಮೀನನ್ನು ಹೆಚ್ಚಿಸಿದ ಉದಾಹರಣೆ ಇಲ್ಲವೆ? ಇದೆ. ಕ್ಯಾಲಿಫೋರ್ನಿಯಾದ ಕಡಲಿನ ತೈಲ ವೇದಿಕೆಗಳನ್ನು ಅಧ್ಯಯನ ಮಾಡಿದ ತಂಡವೊಂದು 2014ರಲ್ಲಿ, ತಳದ ಪ್ರತಿ ಚದರ ಮೀಟರಿಗೆ ಲೆಕ್ಕ ಹಾಕಿದರೆ ಇವು ಜಗತ್ತಿನ ಅತ್ಯಂತ ಫಲವತ್ತಾದ ಕಡಲ ಮೀನಿನ ಆವಾಸಗಳ ಸಾಲಿಗೆ ಸೇರುತ್ತವೆ ಎಂದು ವರದಿ ಮಾಡಿತು. ಅವರು ಎಣಿಸಿದ್ದು ಸೇರಿದ ಮೀನನ್ನಷ್ಟೇ ಅಲ್ಲ, ಅಲ್ಲಿ ನೆಲೆನಿಂತ ಮರಿಗಳನ್ನೂ ಮೀನಿನ ಬೆಳವಣಿಗೆಯನ್ನೂ. ಆದರೆ ಈ ವೇದಿಕೆಗಳು ತಳದಿಂದ ನೀರಿನ ಮೇಲ್ಮೈವರೆಗೆ ಎದ್ದ ಉಕ್ಕಿನ ಜಾಲಗಳು, ದಶಕಗಳಿಂದ ಕದಲದೆ ನಿಂತವು. ಎದೆಯೆತ್ತರದ ಕಾಂಕ್ರೀಟ್ ಗೂಡಿಗೆ ಅವುಗಳ ಅಂಕಿಯನ್ನು ಹಚ್ಚುವಂತಿಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಸ್ಪೇನಿನದು. ಮೆಡಿಟರೇನಿಯನ್ ತೀರದ ಎಲ್ ಕ್ಯಾಂಪೆಯೋ ಎಂಬಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲಿನ ಬಯಲುಗಳನ್ನು ಟ್ರಾಲರುಗಳು ಕಾನೂನು ಮೀರಿ ಗೋರುತ್ತಿದ್ದವು. ಅಲ್ಲಿ ತಳದಲ್ಲಿ ಭಾರದ ಕಾಂಕ್ರೀಟ್ ದಿಮ್ಮಿಗಳನ್ನು ಇಟ್ಟರು. ಬಲೆ ಎಳೆದರೆ ಬಲೆ ಹರಿಯುತ್ತದೆ. ಇಲ್ಲಿ ದಿಮ್ಮಿಯ ಸುತ್ತ ಎಷ್ಟು ಮೀನು ಸೇರಿತು ಎಂಬುದು ಎರಡನೆಯ ಮಾತು. ಅದು ಕಾಯುತ್ತಿದ್ದುದು ಹುಲ್ಲಿನ ಬಯಲನ್ನು, ಅಂದರೆ ಮರಿಮೀನಿನ ನಿಜವಾದ ತೊಟ್ಟಿಲನ್ನು. ಮನ್ನಾರ್ ಕೊಲ್ಲಿಯ ವಾನ್ ದ್ವೀಪದ ಸುತ್ತ 2015ರಿಂದ ಇಳಿಸಿದ ಸಾವಿರಾರು ರಂಧ್ರಯುಕ್ತ ಕಾಂಕ್ರೀಟ್ ಗೂಡುಗಳ ಉದ್ದೇಶವೂ ಮೊದಲಿಗೆ ಮೀನಲ್ಲ. ಸವೆದು ಕುಗ್ಗುತ್ತಿದ್ದ ದ್ವೀಪಕ್ಕೆ ಅಲೆಯ ಹೊಡೆತವನ್ನು ತಗ್ಗಿಸುವುದು. ಉದ್ದೇಶ ಖಚಿತವಾಗಿದ್ದರೆ ಸಾಧಿಸಿತೋ ಇಲ್ಲವೋ ಎಂದು ಅಳೆಯಲೂ ಆಗುತ್ತದೆ.

ಉದ್ದೇಶ ಮಸುಕಾದರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಎದುರಿನ ಆಸ್ಬಾರ್ನ್ ದಿಬ್ಬವಿದೆ. 1970ರ ದಶಕದಲ್ಲಿ ಅಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಸುಮಾರು 20 ಮೀಟರ್ ಆಳಕ್ಕೆ ಇಳಿಸಿದರು. ಕಸವೂ ಖಾಲಿ, ಮೀನಿಗೆ ಮನೆಯೂ ಆಯಿತು ಎಂಬ ಲೆಕ್ಕ. ಕಟ್ಟಿದ್ದ ಉಕ್ಕಿನ ಕೊಂಡಿಗಳು ಉಪ್ಪುನೀರಿಗೆ ತುಕ್ಕು ಹಿಡಿದವು, ನೈಲಾನ್ ಪಟ್ಟಿಗಳು ತುಂಡಾದವು, ಬಿಡಿ ಟೈರುಗಳು ಬಿರುಗಾಳಿಗಳಲ್ಲಿ ಉರುಳಿ ಪಕ್ಕದ ಸಹಜ ಹವಳದ ದಿಬ್ಬಕ್ಕೆ ಬಡಿದವು. 2007ರಿಂದ ಸೇನೆಯ ಮುಳುಗುಗಾರರು, ಅನಂತರ ಇತರರು ಟೈರುಗಳನ್ನು ಎತ್ತುತ್ತಾ ಬಂದಿದ್ದಾರೆ. ಲಕ್ಷಗಟ್ಟಲೆ ಇನ್ನೂ ತಳದಲ್ಲಿವೆ.

ಟೈರು ಏಕೆ ನಿಲ್ಲಲಿಲ್ಲ ಎಂಬುದು ತರಗತಿಯಲ್ಲಿಯೇ ಮಾಡಬಹುದಾದ ಲೆಕ್ಕ. ರಬ್ಬರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.15 ಗ್ರಾಂ, ಕಡಲ ನೀರಿನದು 1.025 ಗ್ರಾಂ ಎಂದಿಟ್ಟುಕೊಳ್ಳಿ. ಆರ್ಕಿಮಿಡೀಸ್ ತತ್ತ್ವದ ಪ್ರಕಾರ ದಡದಲ್ಲಿ 10 ಕಿಲೋಗ್ರಾಂ ತೂಗುವ ಟೈರು ಕಡಲಲ್ಲಿ ಸುಮಾರು 1.1 ಕಿಲೋಗ್ರಾಂ ಮಾತ್ರ ತೂಗುತ್ತದೆ. ಸಾಂದ್ರತೆ 2.4 ಇರುವ ಅಷ್ಟೇ ತೂಕದ ಕಾಂಕ್ರೀಟ್ ನೀರಿನಲ್ಲೂ ಸುಮಾರು 5.7 ಕಿಲೋಗ್ರಾಂ ತೂಗುತ್ತದೆ. ಅಲುಗಾಡುವ ಮೇಲ್ಮೈಯಲ್ಲಿ ಹವಳ ಬೇರೂರುವುದೂ ಇಲ್ಲ. ಹೈಸ್ಕೂಲಿನ ಭೌತಶಾಸ್ತ್ರ ತಡೆಯಬಹುದಾಗಿದ್ದ ತಪ್ಪು ಇದು! ತಡೆಯಲಿಲ್ಲ ಏಕೆಂದರೆ ಅಲ್ಲಿ ಕಸ ವಿಲೇವಾರಿಯ ಆತುರವೂ ಇತ್ತು. ಹಳೆಯ ಹಡಗುಗಳ ವಿಷಯದಲ್ಲೂ ಈ ಎಚ್ಚರ ಬೇಕು. ಅಮೆರಿಕದ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು 2006ರಲ್ಲಿ ಫ್ಲಾರಿಡಾದ ಪೆನ್ಸಕೋಲ ಎದುರು ಮುಳುಗಿಸಿದಾಗ, ಅದರ ಕೇಬಲ್ ಕವಚ ಮುಂತಾದವುಗಳಲ್ಲಿ ಪಿಸಿಬಿ ಎಂಬ ವಿಷವಸ್ತು ಉಳಿದಿತ್ತು. ಪರಿಸರ ಇಲಾಖೆ ಅದನ್ನು ತಿಳಿದೇ ಅನುಮತಿ ಕೊಟ್ಟಿತ್ತು.

ಭಾರತದಲ್ಲಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಕರಾವಳಿ ರಾಜ್ಯಗಳಲ್ಲಿ ಕೃತಕ ದಿಬ್ಬಗಳಿಗೆ ಹಣ ದೊರೆತಿದೆ. ಇವು ಟೈರಿನವಲ್ಲ, ವಿನ್ಯಾಸಗೊಳಿಸಿದ ಕಾಂಕ್ರೀಟ್ ಗೂಡುಗಳು. ಆ ಮಟ್ಟಿಗೆ ಜಗತ್ತು ಮಾಡಿದ ದೊಡ್ಡ ತಪ್ಪನ್ನು ನಾವು ಮಾಡುತ್ತಿಲ್ಲ. ಗೂಡುಗಳ ನಡುವೆ ಟ್ರಾಲ್ ಬಲೆ ಎಳೆಯುವುದು ಕಷ್ಟವಾದ್ದರಿಂದ ದಡದ ಬಳಿ ಗಾಳ ಹಾಕುವ ಸಣ್ಣ ದೋಣಿಯವರಿಗೆ ಒಂದಿಷ್ಟು ಜಾಗ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ. ನನ್ನ ಮಟ್ಟಿಗೆ ಇಂಥ ದಿಬ್ಬಗಳ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದೇ, ಮೀನು ಹೆಚ್ಚುತ್ತದೆ ಎಂಬುದಲ್ಲ. ಆದರೆ ಆ ಜಾಗದಲ್ಲಿ ಯಾರು, ಯಾವಾಗ, ಯಾವ ಗಾತ್ರದ ಮೀನನ್ನು ಹಿಡಿಯಬಹುದು ಎಂಬ ಕಟ್ಟಳೆಯಿಲ್ಲದಿದ್ದರೆ ಈ ಲಾಭವೂ ಬೋಂಡಾಸಿನ ಹಾದಿ ಹಿಡಿದೀತು. ಗೂಡು ಇಳಿಸುವ ಖರ್ಚಿನ ಜೊತೆಗೆ ಅನಂತರದ ಹತ್ತು ವರ್ಷಗಳ ಅಳತೆಯ ಖರ್ಚನ್ನೂ ಯೋಜನೆಯಲ್ಲಿಯೇ ಸೇರಿಸಬೇಕು. ಇಳಿಸುವ ಮುನ್ನ ಅಲ್ಲಿ ಎಷ್ಟು ಮೀನಿತ್ತು, ದಿಬ್ಬ ಇಳಿಸದ ಅಂಥದೇ ಇನ್ನೊಂದು ಜಾಗದಲ್ಲಿ ಈಗ ಎಷ್ಟಿದೆ ಎಂಬ ಎರಡು ಅಂಕಿಗಳಿಲ್ಲದೆ 'ಹೆಚ್ಚಿದೆ' ಎಂಬ ಪದಕ್ಕೆ ಅರ್ಥವಿಲ್ಲ. ಪ್ರಯೋಗಾಲಯದಲ್ಲಿ ನಿಯಂತ್ರಣ ಕುಂಡವಿಲ್ಲದೆ ಗೊಬ್ಬರದ ಪ್ರಯೋಗ ಮಾಡಿದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲವಷ್ಟೆ.

ಕರಾವಳಿಯ ಶಾಲಾಕಾಲೇಜುಗಳ ಶಿಕ್ಷಕರು ಇದನ್ನು ಒಂದು ಯೋಜನಾಕಾರ್ಯವಾಗಿ ಮಾಡಿಸಬಹುದು. ಊರಿನ ಎದುರು ದಿಬ್ಬ ಇಳಿಸಿದ್ದರೆ, ತಿಂಗಳಿಗೆರಡು ದಿನ ಬೆಳಗ್ಗೆ ಮೀನು ಇಳಿಸುವ ಜಾಗಕ್ಕೆ ಹೋಗಿ, ದಿಬ್ಬದಿಂದ ಬಂದ ದೋಣಿ ಎಷ್ಟು, ಬೇರೆಡೆಯಿಂದ ಬಂದದ್ದೆಷ್ಟು, ಎಷ್ಟು ಗಂಟೆ ದುಡಿದರು, ಯಾವ ಮೀನು ಎಂದು ಕೇಳಿ ಬರೆದುಕೊಳ್ಳುವುದು. ಮುಖ್ಯವಾಗಿ ಒಂದೊಂದು ಜಾತಿಯ ಇಪ್ಪತ್ತು ಮೀನುಗಳ ಉದ್ದವನ್ನು ಅಳೆಯುವುದು. ಬುಟ್ಟಿಯ ತೂಕ ಹಾಗೆಯೇ ಇದ್ದು ಮೀನಿನ ಸರಾಸರಿ ಉದ್ದ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ದೊಡ್ಡ ಮೀನು ಹೆಚ್ಚಾಗಿ ಹಿಡಿಯಲ್ಪಡುತ್ತಿರುವ ಸಂಶಯ ಬಲವಾಗುತ್ತದೆ. ಈ ದಾಖಲೆಯನ್ನು ಒಂದು ತಂಡದ ವಿದ್ಯಾರ್ಥಿಗಳು ಮುಂದಿನ ತಂಡಕ್ಕೆ ಒಪ್ಪಿಸಿ ಹೋಗಬೇಕು, ಏಕೆಂದರೆ ಒಂದೆರಡು ವರ್ಷದ ಅಂಕಿಯಿಂದ ಏನನ್ನೂ ಹೇಳಲಾಗದು.