ತೆರೆಯದ ಬೀಗದ ಹೊಣೆ

ಕಾರಿನ ಸ್ಟೀರಿಂಗ್ ಚಕ್ರದ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯ ಮರೆಯಲ್ಲಿ, ಸ್ಟೀರಿಂಗ್ ಕಂಬಕ್ಕೆ ಅಂಟಿಕೊಂಡಂತೆ ಇರುವ ಒಂದು ಸಣ್ಣ ಲೋಹದ ಪೆಟ್ಟಿಗೆಯ ವಿಚಾರವಾಗಿ ದೀರ್ಘವಾಗಿ ಬರೆಯಬೇಕೆ ಎಂಬ ಸಂಶಯ ಓದುಗರಿಗೆ ಬಂದರೆ ಅದು ಸಹಜವೇ ಸರಿ. ಎಂಜಿನ್ನು, ಬ್ರೇಕು, ಗೇರುಪೆಟ್ಟಿಗೆಗಳಂತೆ ಅದು ವಾಹನದ ಚಲನೆಗೆ ನೆರವಾಗತಕ್ಕ ಅಂಗವಲ್ಲ. ಚಲಿಸದಂತೆ ತಡೆಯುವುದೊಂದೇ ಅದರ ಕರ್ತವ್ಯ. ಆದರೂ ಆ ಪೆಟ್ಟಿಗೆಯೊಳಗಿನ ಅಲ್ಪ ಬೆಲೆಯ ಮೋಟಾರೊಂದು ಸವೆದು ನಿಂತಿತೆಂದರೆ, ಮಿಕ್ಕ ಅಂಗಗಳೆಲ್ಲ ಸುಸ್ಥಿತಿಯಲ್ಲಿರುವ, ಹತ್ತಾರು ಲಕ್ಷ ರೂಪಾಯಿ ಬೆಲೆಬಾಳುವ ವಾಹನವು ನಿಂತ ನೆಲದಿಂದ ಅಡಿಯಷ್ಟೂ ಕದಲಲಾರದೆ ಹೋಗುತ್ತದೆ. ಇಲೆಕ್ಟ್ರಾನಿಕ್ ಸ್ಟೀರಿಂಗ್ ಲಾಕ್ ಎಂಬ ಈ ಸಾಧನವನ್ನೂ, ಅದು ಕೆಟ್ಟಾಗ ವಾರಂಟಿಯ ಹೆಸರಿನಲ್ಲಿ ನಡೆದುಬಂದಿರುವ ದುರಸ್ತಿಯ ಪದ್ಧತಿಯನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ಉದ್ದೇಶದಲ್ಲಿ ಸಾಧುವೂ ರಚನೆಯಲ್ಲಿ ಕುಶಲವೂ ಆದ ಒಂದು ವಸ್ತು, ಯಾರ ಸೊತ್ತನ್ನು ಕಾಯಲೆಂದು ಹುಟ್ಟಿತೋ ಆತನ ವಿಷಯದಲ್ಲಿಯೇ ಎಷ್ಟೊಂದು ಉದಾಸೀನವಾಗಿ ನಿರ್ಮಿತವಾಗಿದೆಯೆಂಬುದು ಮನಸ್ಸಿಗೆ ತಟ್ಟುತ್ತದೆ.

ಬೀಗದ ಮೂಲ ಉದ್ದೇಶವನ್ನು ಆಕ್ಷೇಪಿಸಲು ಕಾರಣವಿಲ್ಲ. ಕಾರಿನ ಕಳ್ಳತನವು ಸಮಾಜಕ್ಕೆ ದೊಡ್ಡ ಪೀಡೆಯಾಗಿ ಪರಿಣಮಿಸಿದ ಕಾಲದಲ್ಲಿ ಪಶ್ಚಿಮ ಜರ್ಮನಿಯು 1961ರಲ್ಲಿ ಹೊಸ ಕಾರುಗಳಿಗೆಲ್ಲ ಸ್ಟೀರಿಂಗ್ ಬೀಗವನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು 1969ರ ಮಾದರಿಗಳಲ್ಲಿಯೇ ಅದನ್ನು ಅಳವಡಿಸಿತು. 1970ರ ಜನವರಿ 1ರಿಂದ ಅಲ್ಲಿನ ಕೇಂದ್ರ ಸರ್ಕಾರದ 114ನೆಯ ಸುರಕ್ಷತಾ ನಿಯಮವು, ಕೀಲಿಯನ್ನು ತೆಗೆದೊಡನೆ ಒಂದೋ ಸ್ಟೀರಿಂಗು ತಿರುಗದಂತೆ, ಇಲ್ಲವೇ ವಾಹನವು ತನ್ನ ಶಕ್ತಿಯಿಂದ ಮುಂದೆ ಸಾಗದಂತೆ ಆಗತಕ್ಕದ್ದೆಂದು ವಿಧಿಸಿತು. ಆಗಿನ ಬೀಗವು ಕೇವಲ ಲೋಹದ್ದು. ಕೀಲಿಯನ್ನು ತಿರುಗಿಸಿ ಸೆಳೆದುಕೊಂಡಾಗ ಸ್ಪ್ರಿಂಗಿನ ಬಲದಿಂದ ಒಂದು ಅಗುಳಿ ಮುಂದೆ ಬಂದು ಸ್ಟೀರಿಂಗ್ ದಂಡದ ಕಚ್ಚಿನೊಳಗೆ ಕೂರುತ್ತಿತ್ತು. ಅದೂ ಕೆಲವೊಮ್ಮೆ ಬಿಗಿಯುತ್ತಿದ್ದುದುಂಟು. ಚಕ್ರವನ್ನು ಎಡಕ್ಕೂ ಬಲಕ್ಕೂ ಅಲುಗಿಸುತ್ತ ಕೀಲಿಯನ್ನು ತಿರುಗಿಸಿದರೆ ಸಡಿಲವಾಗುವುದೆಂಬುದನ್ನು ಪ್ರತಿಯೊಬ್ಬ ಚಾಲಕನೂ ಬಲ್ಲನಾಗಿದ್ದನು. ಮನುಷ್ಯನ ಕೈಗೂ ಅಗುಳಿಗೂ ನಡುವೆ ಬೇರೊಬ್ಬ ಮಧ್ಯಸ್ಥನಿರಲಿಲ್ಲವಾದ್ದರಿಂದ ಕೈಯ ಚಾತುರ್ಯಕ್ಕೆ ಅಲ್ಲಿ ಅವಕಾಶವಿತ್ತು.

ಗುಂಡಿಯನ್ನು ಒತ್ತಿ ಎಂಜಿನ್ ಹೊತ್ತಿಸುವ ಸೌಕರ್ಯ ಬಂದ ಮೇಲೆ ತಿರುಗಿಸತಕ್ಕ ಲೋಹದ ಕೀಲಿಯೇ ಇಲ್ಲವಾಯಿತು. ಅಗುಳಿಯನ್ನು ಸರಿಸಲು ಮೋಟಾರಿನ ಆವಶ್ಯಕತೆ ಉಂಟಾಯಿತು. ಕೀಲಿಯನ್ನು ತೂರಿಸುವ ರಂಧ್ರ ಉಳಿದ ಕಾರುಗಳಲ್ಲಿಯೂ ಅದು ಕೇವಲ ಗುರುತಿನ ಚೀಟಿಯಂತಾಯಿತು. 2007ರಿಂದ 2014ರವರೆಗೆ ತಯಾರಾದ, ಡಬ್ಲ್ಯೂ 204 ಎಂಬ ಸಂಕೇತದ ಮರ್ಸಿಡಿಸ್ ಸಿ-ಕ್ಲಾಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ದೋಷದ ವಿಷಯದಲ್ಲಿ ಅದರಷ್ಟು ಪ್ರಸಿದ್ಧವಾದ ಕಾರು ಮತ್ತೊಂದು ದೊರೆಯುವುದು ಕಷ್ಟ. ಕೀಲಿಯನ್ನು ಒಳಗಿಟ್ಟಾಗ ಅದಕ್ಕೂ ಇಗ್ನಿಷನ್ ಸ್ವಿಚ್ಚಿಗೂ ಇನ್‌ಫ್ರಾರೆಡ್ ಕಿರಣಗಳ ಮೂಲಕ ಸಂಕೇತ ವಿನಿಮಯವಾಗುತ್ತದೆ. ಕೀಲಿ ಅಧಿಕೃತವೆಂದು ಮನವರಿಕೆಯಾದ ಮೇಲೆ ಸ್ವಿಚ್ಚು ಬೀಗದ ಪೆಟ್ಟಿಗೆಗೆ ಆಜ್ಞೆ ಕೊಡುತ್ತದೆ. ಅಲ್ಲಿನ ಮೋಟಾರು ಹಲ್ಲುಚಕ್ರಗಳನ್ನು ತಿರುಗಿಸಿ ಅಗುಳಿಯನ್ನು ಹಿಂದಕ್ಕೆಳೆಯುತ್ತದೆ. ಅಗುಳಿ ಹಿಂದೆ ಸರಿದಿದೆಯೆಂಬ ಪ್ರತ್ಯುತ್ತರ ಬಂದಲ್ಲದೆ ಇಗ್ನಿಷನ್ ತೆರೆದುಕೊಳ್ಳುವುದಿಲ್ಲ. ಈ ವ್ಯವಹಾರವೆಲ್ಲ ಒಂದು ಸಣ್ಣ ಝೇಂಕಾರದ ಅವಧಿಯಲ್ಲಿ ಮುಗಿಯುತ್ತದೆ. ಮೋಟಾರಿನ ಬ್ರಷ್ಷುಗಳು ಸವೆದ ದಿನ ಝೇಂಕಾರ ಕೇಳಿಸದು, ಕೀಲಿ ತಿರುಗಿದರೂ ದೀಪಗಳು ಹತ್ತವು, ಚಕ್ರ ಅಲುಗದು. ಅಷ್ಟಕ್ಕೇ ಮುಗಿಯಿತೆಂದಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ ವಿಫಲವಾದ ಪೆಟ್ಟಿಗೆಯು ಅನೇಕ ವೇಳೆ ತನ್ನ ಸ್ಮೃತಿಯಲ್ಲಿ ಶಾಶ್ವತದೋಷವೆಂದು ಬರೆದುಕೊಂಡು, ಆಮೇಲೆ ಹೊಸ ಮೋಟಾರನ್ನು ಕೂರಿಸಿದರೂ ಕೆಲಸಮಾಡಲು ಒಪ್ಪುವುದಿಲ್ಲ.

ಈ ಬೀಗವನ್ನು ರಚಿಸಿದವರ ಮುಂದೆ ಎರಡು ಭಯಗಳಿದ್ದುವು. ಓಡುತ್ತಿರುವ ಕಾರಿನಲ್ಲಿ ಬೀಗ ತಾನಾಗಿ ಬಿದ್ದುಬಿಟ್ಟರೆ ಏನು ಗತಿ ಎಂಬುದು ಒಂದು. ನಿಂತಿರುವ ಕಾರಿನಲ್ಲಿ ಬೀಗ ತೆರೆಯದೆ ಹೋದರೆ ಏನು ಗತಿ ಎಂಬುದು ಇನ್ನೊಂದು. ಮೊದಲನೆಯ ಭಯಕ್ಕೆ ಅವರು ಕೊಟ್ಟಿರುವ ಉತ್ತರವನ್ನು ಮನಃಪೂರ್ವಕವಾಗಿ ಶ್ಲಾಘಿಸಬೇಕು. ವಾಹನಗಳ ವಿದ್ಯುತ್ ವ್ಯವಸ್ಥೆಗಳ ಸುರಕ್ಷತೆಗಾಗಿ 2011ರಲ್ಲಿ ಪ್ರಕಟವಾದ ಐಎಸ್‌ಒ 26262 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಅಪಾಯಗಳಿಗೆ ಎ ಯಿಂದ ಡಿ ವರೆಗೆ ಶ್ರೇಣಿಗಳಿವೆ. ಚಲನೆಯಲ್ಲಿ ಸ್ಟೀರಿಂಗ್ ಬೀಗ ಬೀಳುವುದು ಅತ್ಯುಗ್ರವಾದ ಡಿ ಶ್ರೇಣಿಗೆ ಸಾಮಾನ್ಯವಾಗಿ ಸೇರುತ್ತದೆ. ಆದ್ದರಿಂದಲೇ ಕಾರು ಹೊರಟ ಮೇಲೆ ಮೋಟಾರಿಗೆ ವಿದ್ಯುತ್ತೇ ದೊರೆಯದಂತೆ ಮಾಡುವುದು, ಒಂದರ ಮಾತನ್ನು ಇನ್ನೊಂದು ಪರೀಕ್ಷಿಸುವಂತೆ ಎರಡು ಪ್ರತ್ಯೇಕ ನಿಯಂತ್ರಕಗಳ ಸಮ್ಮತಿಯನ್ನು ಬೇಡುವುದು, ಅಗುಳಿಯ ಸ್ಥಾನವನ್ನು ಒಂದಕ್ಕಿಂತ ಹೆಚ್ಚು ಸಂವೇದಕಗಳಿಂದ ಅರಿಯುವುದು ಮೊದಲಾದ ಏರ್ಪಾಡುಗಳನ್ನು ಅವರು ಕಲ್ಪಿಸಿದರು. ಪ್ರಾಣದ ವಿಷಯದಲ್ಲಿ ಇಂಥ ಜಾಗರೂಕತೆಯೇ ತಕ್ಕದ್ದು.

ಎರಡನೆಯ ಭಯದ ಕಡೆ ಮಾತ್ರ ಯಾರ ದೃಷ್ಟಿಯೂ ಹರಿದಂತೆ ಕಾಣುವುದಿಲ್ಲ. ಎರಡು ನಿಯಂತ್ರಕಗಳಲ್ಲಿ ಒಂದಕ್ಕೆ ಅನುಮಾನ ಬಂದರೂ ಬೀಗ ತೆರೆಯದೆ ಉಳಿಯುವುದು, ಯಂತ್ರಶಾಸ್ತ್ರದ ಪರಿಭಾಷೆಯಲ್ಲಿ, ಸುರಕ್ಷಿತ ಸ್ಥಿತಿ. ಯಾರಿಗೆ ಸುರಕ್ಷಿತ? ಮಧ್ಯರಾತ್ರಿಯಲ್ಲಿ ಎದೆನೋವು ಬಂದ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರಿನೊಳಗೆ ಕುಳ್ಳಿರಿಸಿಕೊಂಡ ಮಗನಿಗಲ್ಲ. ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ ಕತ್ತಲಾದ ಮೇಲೆ ಒಬ್ಬಳೇ ನಿಂತ ಹೆಣ್ಣುಮಗಳಿಗಲ್ಲ. ಬೆಂಗಳೂರಿನ ಎತ್ತರದ ವಸತಿಕಟ್ಟಡಗಳ ನೆಲಮಾಳಿಗೆಯಲ್ಲಿ ಕಂಬಕ್ಕೆ ಒತ್ತಾಗಿ ನಿಲ್ಲಿಸಿದ ಕಾರಿನ ಮುಂದಿನ ಚಕ್ರಗಳು ಓರೆಯಾಗಿ ಬೀಗಬಿದ್ದರೆ, ಅದನ್ನು ತಳ್ಳಿಕೊಂಡು ಹೊರತರಲೂ ಆಗದು. ಹೊತ್ತೊಯ್ಯುವ ಲಾರಿಯು ತಗ್ಗಾದ ಸೂರಿನ ಕೆಳಗೆ ಇಳಿಯಲಾರದು. ಚಕ್ರಗಳ ಕೆಳಗೆ ಉರುಳುಗಾಲಿಯ ಹಲಗೆಗಳನ್ನಿಟ್ಟು ಅಂಗುಲ ಅಂಗುಲವಾಗಿ ಎಳೆಯಬೇಕಾಗುತ್ತದೆ.

ಇದು ಒಂದು ಸಂಸ್ಥೆಯ ಅಥವಾ ಒಂದು ದೇಶದ ಲೋಪವಲ್ಲವೆಂಬುದಕ್ಕೆ ಷೆವರ್ಲೆ ಕಾರ್ವೆಟ್ಟಿನ ಇತಿಹಾಸವೇ ಸಾಕ್ಷಿ. 1997ರಿಂದ 2004ರವರೆಗಿನ ಆ ಕಾರುಗಳಲ್ಲಿ ವಿದ್ಯುತ್ ಬೀಗ ಬಿಡುಗಡೆಯಾಗದೆಯೇ ಎಂಜಿನ್ ಹೊತ್ತಿಕೊಂಡು, ಚಕ್ರ ತಿರುಗದ ಕಾರು ಮುಂದೆ ಚಲಿಸುವ ಸಂಭವವಿತ್ತು. ಬೀಗ ಕೈಕೊಟ್ಟಾಗ ಕೀಲಿ ತೆಗೆದು ಹತ್ತು ಸೆಕೆಂಡು ಕಾಯಬೇಕೆಂಬ ಸೂಚನೆ ಚಾಲಕನೆದುರಿನ ಫಲಕದಲ್ಲಿ ಮೂಡುತ್ತಿತ್ತು. ಕೊನೆಗೆ 2004ರಲ್ಲಿ ಸಂಸ್ಥೆಯು ಕಾರುಗಳನ್ನು ಹಿಂದಕ್ಕೆ ಕರೆಯಿತು. ಬೀಗ ತೆರೆಯದ ಕಾರು ಚಲಿಸತೊಡಗಿದರೆ ಇಂಧನವು ನಿಂತುಹೋಗಬೇಕೆಂಬುದೇ ಅಲ್ಲಿ ನೆಚ್ಚಿಕೊಂಡ ಮುಖ್ಯ ರಕ್ಷಣೆ. ಅಪಘಾತ ತಪ್ಪುವುದು ನಿಜ. ಆದರೆ ಬೀಗ ತೆರೆಯುವ ಭರವಸೆ ಅದರಿಂದ ದೊರೆಯದು. ಆ ಭರವಸೆ ಬೇಕೆಂದ ಮಾಲಿಕರು ಬೀಗವನ್ನೇ ತಪ್ಪಿಸತಕ್ಕ ಉಪಕರಣಗಳನ್ನು ಹೊರಗಿನ ಅಂಗಡಿಗಳಲ್ಲಿ ಕೊಂಡು ತಾವೇ ಜೋಡಿಸಿಕೊಂಡರು. ನಿಸ್ಸಾನ್ 370ಝಡ್ ಕಾರಿನ ಒಡೆಯರಂತೂ ಬೀಗ ತೆರೆದಿರುವ ಗಳಿಗೆಯಲ್ಲಿ ಅದರ ಫ್ಯೂಸನ್ನು ಕಿತ್ತು, ಮುಂದೆಂದೂ ಅದು ಬೀಳದಂತೆ ಮಾಡಿಕೊಳ್ಳುವ ಉಪಾಯವನ್ನು ಒಬ್ಬರಿಂದೊಬ್ಬರು ಕಲಿತರು. ಕಾವಲಿಗೆಂದು ಹಣಕೊಟ್ಟು ಕೊಂಡ ವಸ್ತುವನ್ನು ಕೊಂಡವರೇ ಕಿತ್ತುಹಾಕಲು ಹೊರಟರೆಂಬುದಕ್ಕಿಂತ ಕಠೋರವಾದ ವಿಮರ್ಶೆ ಬೇರೆ ಯಾವುದಿದ್ದೀತು?

ಇನ್ನು ವಾರಂಟಿಯ ಮಾತು. ಸವೆಯುತ್ತಿರುವ ಮೋಟಾರು ಒಂದೇ ದಿನದಲ್ಲಿ ಸಾಯುವುದು ಅಪರೂಪ. ತಂಪಾದ ಬೆಳಗಿನಲ್ಲಿ ಒಮ್ಮೆ ಹಠಹಿಡಿದು, ಎರಡನೆಯ ಸಲಕ್ಕೆ ಸರಾಗವಾಗಿ ತೆರೆದು, ಅನಂತರ ವಾರಗಟ್ಟಲೆ ನಿರ್ದೋಷಿಯಂತೆ ನಡೆದುಕೊಳ್ಳುತ್ತದೆ. ಮಾಲಿಕನು ಕಾರನ್ನು ಸೇವಾಕೇಂದ್ರಕ್ಕೆ ಒಯ್ದರೆ ಬ್ಯಾಟರಿಯನ್ನು ಅಳೆದು, ಕೀಲಿಯ ಸೆಲ್ಲನ್ನು ಬದಲಿಸಿ, ಜಾಬ್ ಕಾರ್ಡಿನ ಮೇಲೆ ದೋಷ ಕಂಡುಬರಲಿಲ್ಲವೆಂದು ಬರೆದು ಹಿಂದಿರುಗಿಸುತ್ತಾರೆ. ಬ್ಯಾಟರಿ ದುರ್ಬಲವಾದಾಗಲೂ ಇಂಥದೇ ಲಕ್ಷಣಗಳು ತೋರಬಹುದಾದ್ದರಿಂದ ಅವರ ಮೊದಲ ಸಂಶಯ ತಪ್ಪೆನ್ನಲಾಗದು. ತಪ್ಪಿರುವುದು, ಮಾಲಿಕನ ಹೇಳಿಕೆಯನ್ನು ಸಾಕ್ಷ್ಯವೆಂದು ಗಣಿಸದೆ, ತಮ್ಮ ಕಣ್ಣೆದುರಿಗೇ ಕೆಟ್ಟರೆ ಮಾತ್ರ ಕೆಟ್ಟಿತೆನ್ನುವ ನಿಯಮದಲ್ಲಿ. ಹೀಗೆ ಕಳೆದ ತಿಂಗಳುಗಳೆಲ್ಲ ವಾರಂಟಿಯ ಅವಧಿಯಿಂದಲೇ ಕಳೆದುಹೋಗುತ್ತವೆ. ಅವಧಿ ತೀರಿದ ಮೇಲೆ ಬೀಗ ಪೂರ್ತಿಯಾಗಿ ನಿಂತರೆ, ಮೊದಲ ದೂರು ಅವಧಿಯೊಳಗೇ ಬಂದಿತ್ತೆಂಬುದನ್ನು ಸ್ಥಾಪಿಸುವ ಭಾರ ಮಾಲಿಕನ ಮೇಲೆ ಬೀಳುತ್ತದೆ. ದೂರಿನ ಮಾತುಗಳನ್ನು ತಾನು ಹೇಳಿದಂತೆಯೇ ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಕಾಪಾಡಿಕೊಂಡವನಿಗೆ ಮಾತ್ರ ಆಗ ಆಧಾರವುಂಟು.

ಅವಧಿಯನ್ನು ಅಳೆಯುವ ಮಾನದಂಡವೇ ಈ ಅಂಗಕ್ಕೆ ಹೊಂದತಕ್ಕದ್ದಲ್ಲ. ವಾರಂಟಿಯನ್ನು ವರ್ಷಗಳಲ್ಲಿಯೂ ಕಿಲೋಮೀಟರುಗಳಲ್ಲಿಯೂ ಅಳೆಯುವುದು ವಾಡಿಕೆ. ಟೈರು ದೂರದಿಂದ ಸವೆಯುತ್ತದೆ, ರಬ್ಬರು ಕಾಲದಿಂದ ಜೀರ್ಣವಾಗುತ್ತದೆ; ಸ್ಟೀರಿಂಗ್ ಬೀಗವಾದರೋ ತೆರೆದು ಮುಚ್ಚುವ ಎಣಿಕೆಯಿಂದ ಸವೆಯುತ್ತದೆ. ಪೇಟೆಯಲ್ಲಿ ದಿನಕ್ಕೆ ಆರು ಕಡೆ ನಿಲ್ಲಿಸಿ ಹೊರಡುವ ಒಬ್ಬ ವೈದ್ಯನ ಕಾರಿನಲ್ಲಿ ಅಗುಳಿಯು ದಿನಕ್ಕೆ ಹನ್ನೆರಡು ಸಲ, ವರ್ಷಕ್ಕೆ 4,000ಕ್ಕೂ ಮಿಕ್ಕಿ ಚಲಿಸುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಒಂದೇ ಓಟದಲ್ಲಿ ಹೋಗಿಬರುವವನ ಕಾರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ದೂರ ಓಡಿಯೂ ಅಗುಳಿಯನ್ನು ದುಡಿಸುವುದು ಅತ್ಯಲ್ಪ. ಯಂತ್ರದ ಸ್ಮೃತಿಯಲ್ಲಿ ಇಷ್ಟೆಲ್ಲ ಸಂಗತಿಗಳನ್ನು ಬರೆದಿಡುವ ತಯಾರಕರಿಗೆ ಈ ಎಣಿಕೆಯನ್ನೂ ಬರೆದಿಡುವುದು, ಮೋಟಾರು ನಿಧಾನವಾಗುತ್ತಿರುವುದನ್ನು ಅರಿತು ಮುಂಚಿತವಾಗಿಯೇ ಎಚ್ಚರಿಸುವುದು ದುಸ್ಸಾಧ್ಯವಾದ ಕಾರ್ಯವೇನಲ್ಲ.

ದುರಸ್ತಿಯ ರೀತಿ ಇನ್ನೂ ಹೆಚ್ಚಿನ ದುಃಖವನ್ನುಂಟುಮಾಡುತ್ತದೆ. ಬೀಗವು ಕಳ್ಳತನಕ್ಕೆ ಸಂಬಂಧಪಟ್ಟ ಭಾಗಗಳ ವರ್ಗಕ್ಕೆ ಸೇರಿದ್ದರಿಂದ ಮಾಲಿಕತ್ವದ ದಾಖಲೆಗಳನ್ನೊಪ್ಪಿಸಿ ಅಧಿಕೃತ ಮಾರಾಟಗಾರರ ಮೂಲಕವೇ ತರಿಸಬೇಕು. ಬಂದ ಮೇಲೆ ಆ ಕಾರಿನ ಇಗ್ನಿಷನ್ ಸ್ವಿಚ್ಚಿನೊಡನೆ ಹೊಂದಿಸಬೇಕು. ಇಷ್ಟು ಕಟ್ಟುನಿಟ್ಟು ನ್ಯಾಯವಾದದ್ದೇ. ಆದರೆ ಸವೆದದ್ದು ಹೆಬ್ಬೆರಳಿನ ಗಾತ್ರದ ಮೋಟಾರು. ಅದನ್ನು ಬಿಡಿಯಾಗಿ ಮಾರುವುದಿಲ್ಲ. ಬೀಗ ಬಿದ್ದಿರುವಾಗ ಪೆಟ್ಟಿಗೆಯನ್ನು ಬಿಚ್ಚುವುದೂ ಸುಲಭವಲ್ಲ. ಆದಕಾರಣ ಸ್ಟೀರಿಂಗ್ ಕಂಬವನ್ನೇ ಇಳಿಸಿ, ಕೆಲವೊಮ್ಮೆ ಕಂಬವನ್ನೇ ಬದಲಿಸಿ, ಅದರ ಸಮಸ್ತ ವೆಚ್ಚವನ್ನೂ ಮಾಲಿಕನ ಲೆಕ್ಕಕ್ಕೆ ಹಚ್ಚುವುದು ರೂಢಿಯಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತಲಿನಂಥ ಪೇಟೆಗಳಲ್ಲಿ ಇದಕ್ಕೆ ಪ್ರತಿಯಾಗಿ ಬೇರೊಂದು ವಿದ್ಯೆ ಬೆಳೆದಿದೆ. ಕೈಯಲ್ಲಿ ಕಸುಬುಳ್ಳವರು ಪೆಟ್ಟಿಗೆಯನ್ನು ತೆರೆದು ಮೋಟಾರನ್ನಷ್ಟೇ ಬದಲಿಸುತ್ತಾರೆ. ಇಲ್ಲವೆ ಬೀಗದ ಸ್ಥಾನದಲ್ಲಿ ಎಮ್ಯುಲೇಟರ್ ಎಂಬ ಪುಟ್ಟ ಉಪಕರಣವನ್ನಿಟ್ಟು, ಬೀಗ ತೆರೆದಿದೆಯೆಂಬ ಉತ್ತರವನ್ನು ಸ್ವಿಚ್ಚಿಗೆ ನಿತ್ಯವೂ ಕೊಡಿಸುತ್ತಾರೆ. ಮೊದಲನೆಯದು ನಿಜವಾದ ದುರಸ್ತಿ, ಗೌರವಕ್ಕೆ ಪಾತ್ರವಾದದ್ದು. ಎರಡನೆಯದನ್ನು ನಾನು ಸಮರ್ಥಿಸಲಾರೆ. ಕಾನೂನು ಬಯಸುವ ಕಾವಲೊಂದನ್ನು ಕಳಚಿದ ಮೇಲೆ ಕಾರು ಕಳುವಾದರೆ ವಿಮೆಯವರ ಮುಂದೆ ಮಾಲಿಕನ ಬಾಯಿ ಕಟ್ಟುತ್ತದೆ. ಆದರೂ ಎಮ್ಯುಲೇಟರ್ ಜೋಡಿಸಿಕೊಂಡ ಕಾರುಗಳು ನಿರಾತಂಕವಾಗಿ ಓಡುತ್ತಿವೆಯೆಂಬ ಸಂಗತಿಯಲ್ಲಿ ವಿಚಾರಮಾಡತಕ್ಕ ಅಂಶವಿದೆ. ಅಧಿಕೃತ ಕೀಲಿಯಿಲ್ಲದೆ ಎಂಜಿನ್ ಹೊತ್ತದಂತೆ ಮಾಡುವ ಇಮ್ಮೊಬಿಲೈಸರ್ ಯೂರೋಪಿನ ಹೊಸ ಕಾರುಗಳಲ್ಲಿ 1998ರಿಂದಲೇ ಕಡ್ಡಾಯ. ಅದು ಇರುವಲ್ಲಿ ಸ್ಟೀರಿಂಗ್ ಅಗುಳಿಯು ಎರಡನೆಯ ಕಾವಲು ಮಾತ್ರ. ಎರಡನೆಯ ಕಾವಲುಗಾರನ ನಿತ್ರಾಣಕ್ಕಾಗಿ ಮನೆಯೊಡೆಯನು ಬೀದಿಯಲ್ಲಿ ನಿಲ್ಲಬೇಕಾದುದು ಉಚಿತವೆ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಿಶ್ಶಕ್ತವಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ತಯಾರಿಕೆಯ ದೋಷಕ್ಕೆ ಮಾತ್ರವಲ್ಲದೆ ವಿನ್ಯಾಸದ ದೋಷಕ್ಕೂ ತಯಾರಕನನ್ನು ಹೊಣೆಮಾಡುತ್ತದೆ; ಲಿಖಿತ ವಾರಂಟಿಗೆ ಪದಾರ್ಥವು ಸರಿಹೊಂದದಿದ್ದರೆ ತನ್ನಲ್ಲಿ ಅಜಾಗರೂಕತೆಯಿರಲಿಲ್ಲವೆಂದು ತೋರಿಸಿಕೊಟ್ಟರೂ ಆತನಿಗೆ ಬಿಡುಗಡೆಯಿಲ್ಲ. ಅದೇ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಅಧಿನಿಯಮವು ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಯಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಅದರ ದೃಷ್ಟಿಯಿರುವುದು ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿನ ಇತರರಿಗೆ, ಪರಿಸರಕ್ಕೆ ಆಗಬಹುದಾದ ಹಾನಿಯ ಮೇಲೆ. ಸುಮ್ಮನೆ ನಿಂತು ಕದಲದ ಕಾರು ಯಾರಿಗೆ ಹಾನಿ ಮಾಡೀತೆಂದು ತಯಾರಕನು ಕೇಳಿದರೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಎಂಜಿನಿಯರರು ಸುರಕ್ಷಿತ ಸ್ಥಿತಿಯೆಂದು ಬರೆದದ್ದನ್ನೇ ಕಾನೂನೂ ಒಪ್ಪಿಕೊಂಡಂತಾಗುತ್ತದೆ.

ಮರ್ಸಿಡಿಸ್ ಸಂಸ್ಥೆಯ ಸಂಶೋಧನಾ ಕೇಂದ್ರವು 1996ರಿಂದ ಬೆಂಗಳೂರಿನಲ್ಲಿಯೇ ಇದೆ. ವಾಹನಗಳ ನಿಯಂತ್ರಕಗಳಿಗೆ ಆಜ್ಞಾವಳಿಗಳನ್ನು ಬರೆಯುವ ಕನ್ನಡದ ತರುಣರ ಸಂಖ್ಯೆ ನಮ್ಮ ನಗರದಲ್ಲಿ ಸಣ್ಣದಲ್ಲ. ಅವರು ನಿತ್ಯ ನೋಡುವ ಒಂದು ವಸ್ತುವಿನ ಕಡೆಗೆ ಅವರ ಗಮನವನ್ನು ಸೆಳೆಯಬೇಕೆನಿಸುತ್ತದೆ. ಆ ಡಬ್ಲ್ಯೂ 204ರ ಇಲೆಕ್ಟ್ರಾನಿಕ್ ಕೀಲಿಯ ಒಡಲಲ್ಲಿಯೂ ಒಂದು ತೆಳ್ಳನೆಯ ಲೋಹದ ಕೀಲಿ ಅಡಗಿದೆ; ಬ್ಯಾಟರಿ ಸತ್ತರೂ ಅದರಿಂದ ಬಾಗಿಲನ್ನು ತೆರೆಯಬಹುದು. ವಿದ್ಯುತ್ತು ಕೈಬಿಟ್ಟಾಗ ಮನುಷ್ಯನ ಕೈಗೆ ದಾರಿಯೊಂದು ಇರಬೇಕೆಂಬುದನ್ನು ಬಾಗಿಲಿನ ಮಟ್ಟಿಗೆ ಒಪ್ಪಿಕೊಂಡವರು ಸ್ಟೀರಿಂಗಿನ ಮಟ್ಟಿಗೆ ಏಕೆ ಒಪ್ಪಲಿಲ್ಲ? ಮಾಲಿಕತ್ವವನ್ನು ಪರೀಕ್ಷಿಸಿ, ಅಧಿಕೃತ ಉಪಕರಣದಿಂದ ಮಾತ್ರ ಅಗುಳಿಯನ್ನು ಹಿಂದೆಳೆಯಲು ಬರುವಂಥ ಒಂದು ಮಾರ್ಗ. ಕಂಬವನ್ನು ಇಳಿಸದೆ ಕೈಗೆ ಸಿಕ್ಕುವಂತೆ ಕೂರಿಸಿದ, ಬಿಡಿಯಾಗಿ ಮಾರಾಟಕ್ಕೆ ದೊರೆಯುವ ಮೋಟಾರು. ಆ ಮೋಟಾರಿನ ದುಡಿಮೆಯ ಎಣಿಕೆಗೆ ಅನುಗುಣವಾಗಿ ನಿಗದಿಯಾದ ವಾರಂಟಿ, ಇವುಗಳಲ್ಲಿ ಯಾವೊಂದಕ್ಕೂ ಇಂದಿನ ಯಂತ್ರವಿದ್ಯೆಗೆ ತಿಳಿಯದ ಹೊಸ ಶೋಧನೆ ಬೇಕಾಗಿಲ್ಲ.