ಉಬ್ಬಸಕ್ಕೆ ಚಳಿಯೊಂದೇ ಕಾರಣವೆ?

'ಚಳಿಗಾಲದಲ್ಲಿ ಅಸ್ತಮಾ ಹೆಚ್ಚಾಗುತ್ತದೆ. ಆದ್ದರಿಂದ ರೋಗಿಗಳು ಚಳಿಯಿಂದ ದೂರವಿರಬೇಕು.' ಆರೋಗ್ಯ ಲೇಖನಗಳಲ್ಲಿ ಈ ಮಾತನ್ನು ನೀವು ಎಷ್ಟೋ ಸಲ ಓದಿರಬಹುದು. ಶಿಕ್ಷಕರಾಗಿದ್ದರೆ ತರಗತಿಯಲ್ಲಿ ಹೇಳಿಯೂ ಇರಬಹುದು. ಇದರ ಮೊದಲ ವಾಕ್ಯ ಅನೇಕ ರೋಗಿಗಳ ಅನುಭವಕ್ಕೆ ಹೊಂದುತ್ತದೆ. ತೊಡಕಿರುವುದು 'ಆದ್ದರಿಂದ' ಎಂಬ ಪದದಲ್ಲಿ. ಎರಡು ಸಂಗತಿಗಳು ಒಟ್ಟಿಗೆ ಕಂಡಾಗ ಒಂದನ್ನು ಕಾರಣ, ಇನ್ನೊಂದನ್ನು ಪರಿಣಾಮ ಎಂದುಬಿಡುವುದು ಸುಲಭ. ಆದರೆ ವಿಜ್ಞಾನದ ಕೆಲಸ ಶುರುವಾಗುವುದೇ ಅಲ್ಲಿಂದ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಮಳೆ ಕಡಿಮೆಯಿರುವ ಬಯಲುಸೀಮೆ. ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವವನ್ನು ಕಲ್ಪಿಸಿಕೊಳ್ಳಿ. ಹೊರಗೆ ಚಳಿ ಇದೆ. ನೀರು ಕಾಯಿಸುವ ಹಂಡೆಯ ಒಲೆಗೆ ಸೌದೆ, ಮೆಕ್ಕೆಜೋಳದ ಬೆಂಡು ಬಿದ್ದಿದೆ. ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನ ಪದರ ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಮನೆಗಳ ಎತ್ತರದಲ್ಲೇ ಹರಡಿ ನಿಲ್ಲುತ್ತದೆ. ಸುಗ್ಗಿಯ ಕಾಲವಾದ್ದರಿಂದ ಕಣದಲ್ಲಿ ಕಾಳು ಬಿಡಿಸುವ ಯಂತ್ರದ ದೂಳೂ ಇದೆ. ಮನೆಯೊಳಗೆ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿದ್ದಾರೆ. ತಮ್ಮನಿಗೆ ನೆಗಡಿ. ಹೀಗಿರುವಾಗ ಅಕ್ಕನಿಗೆ ಉಬ್ಬಸ ಬಂದರೆ ಮನೆಯವರು ದೂರುವುದು ಯಾವುದನ್ನು? ಚಳಿಯನ್ನು ಮಾತ್ರ!

ಅಸ್ತಮಾ ಎಂದರೆ ಶ್ವಾಸನಾಳಗಳ ಒಳಪದರದ ದೀರ್ಘಕಾಲದ ಉರಿಯೂತ. ರೋಗಿಗೆ ತೊಂದರೆ ಇಲ್ಲದ ದಿನಗಳಲ್ಲೂ ಈ ಉರಿಯೂತ ಇರುತ್ತದೆ. ಅಂಥ ನಾಳಗಳು ಸಣ್ಣ ಪ್ರಚೋದನೆಗೂ ಕೆರಳುತ್ತವೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಲೋಳೆ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಹವೆ ಇಂಥ ಪ್ರಚೋದನೆಗಳಲ್ಲಿ ಒಂದು. ಅದು ರೋಗದ ಮೂಲವಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಾವು ಒಳಗೆಳೆದ ಗಾಳಿ ಶ್ವಾಸಕೋಶದ ಆಳವನ್ನು ಮುಟ್ಟುವ ಹೊತ್ತಿಗೆ 37 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಿ, ನೀರಾವಿಯಿಂದ ಪೂರ್ಣ ತುಂಬಿರಬೇಕು. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 44 ಗ್ರಾಂ ನೀರಾವಿ ಇರುತ್ತದೆ. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಉಷ್ಣತೆ, ಶೇ. 80 ಸಾಪೇಕ್ಷ ಆರ್ದ್ರತೆ ಇದೆ ಎನ್ನೋಣ. ಆ ಗಾಳಿಯಲ್ಲಿರುವ ನೀರಾವಿ ಘನ ಮೀಟರಿಗೆ ಸುಮಾರು 10 ಗ್ರಾಂ. ಉಳಿದ 34 ಗ್ರಾಂ ನಮ್ಮ ಮೂಗು ಮತ್ತು ಶ್ವಾಸನಾಳಗಳ ಒಳಪದರದಿಂದ ಹೋಗಬೇಕು. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ, ಶೇ. 25 ಆರ್ದ್ರತೆ ಎಂದಿಟ್ಟುಕೊಂಡರೆ ಗಾಳಿಯಲ್ಲಿರುವುದು 11 ಗ್ರಾಂ, ಕೊರತೆ 33 ಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ! ಜುಲೈ ತಿಂಗಳ ಮಳೆಯ ದಿನ 22 ಡಿಗ್ರಿ, ಶೇ. 90 ಆರ್ದ್ರತೆ ಇದ್ದರೆ ಕೊರತೆ ಸುಮಾರು 26 ಗ್ರಾಂಗೆ ಇಳಿಯುತ್ತದೆ.

ಶಾಖದ ಲೆಕ್ಕವನ್ನೂ ನೋಡಿ. ಒಂದು ಘನ ಮೀಟರ್ ಗಾಳಿಯನ್ನು 15ರಿಂದ 37 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 26 ಕಿಲೋಜೂಲ್. 34 ಗ್ರಾಂ ನೀರನ್ನು ಆವಿಯಾಗಿಸಲು ಬೇಕಾದದ್ದು ಸುಮಾರು 82 ಕಿಲೋಜೂಲ್. ಅಂದರೆ ಶ್ವಾಸನಾಳದ ಮೇಲೆ ಬೀಳುವ ಹೊರೆಯಲ್ಲಿ ಬಹುಪಾಲು ಗಾಳಿ ಒಣಗಿರುವುದರಿಂದ ಬಂದದ್ದು, ತಣ್ಣಗಿರುವುದರಿಂದ ಅಲ್ಲ. ನೀರು ಕಳೆದುಕೊಂಡ ಒಳಪದರದಲ್ಲಿ ಲವಣಗಳ ಸಾಂದ್ರತೆ ಏರುತ್ತದೆ. ಆಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮುಂತಾದ ವಸ್ತುಗಳನ್ನು ಬಿಡುಗಡೆ ಮಾಡುತ್ತವೆ, ಸ್ನಾಯು ಬಿಗಿಯುತ್ತದೆ. ಒಣಗಾಳಿಯನ್ನು ಬೆಚ್ಚಗೆ ಮಾಡಿ ಕೊಟ್ಟರೂ ವ್ಯಾಯಾಮ ಮಾಡುವ ರೋಗಿಗಳಲ್ಲಿ ಉಬ್ಬಸ ಉಂಟಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಚಳಿ ಅದರ ತೀವ್ರತೆಯನ್ನು ಇನ್ನಷ್ಟು ಹೆಚ್ಚಿಸಬಲ್ಲದು.

ಹಾಗೆಂದು 'ಶುಷ್ಕತೆಯೇ ಕಾರಣ' ಎಂದು ಬರೆದುಕೊಂಡರೆ ಅದೇ ತಪ್ಪನ್ನು ಇನ್ನೊಂದು ಹೆಸರಿನಲ್ಲಿ ಮಾಡಿದಂತಾಗುತ್ತದೆ. ಸುಮ್ಮನೆ ಕುಳಿತವರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಉಸಿರಾಡುತ್ತಾರೆ. ಅದನ್ನು ಹದಮಾಡಲು ಮೂಗೇ ಸಾಕು. ಓಡುವಾಗ ಈ ಪ್ರಮಾಣ ಹತ್ತು ಪಟ್ಟು ಆಗಬಹುದು, ಬಾಯಿಯಿಂದಲೂ ಉಸಿರೆಳೆಯುತ್ತೇವೆ. ಹೊರೆ ಆಗ ಶ್ವಾಸನಾಳಗಳ ಮೇಲೆ ಬೀಳುತ್ತದೆ. ಇನ್ನು ಬಹಳ ಬಿಸಿಯಾದ, ತೇವ ತುಂಬಿದ ಗಾಳಿಯೂ ನರಗಳ ಪ್ರತಿಕ್ರಿಯೆಯ ಮೂಲಕ ಅಸ್ತಮಾ ರೋಗಿಗಳ ನಾಳಗಳನ್ನು ಬಿಗಿಸಬಲ್ಲದೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

'ಬೆಳಗಿನ ಜಾವದ ಚಳಿಗೇ ಉಬ್ಬಸ ಬರುವುದು' ಎಂಬ ಮಾತನ್ನೂ ಪರೀಕ್ಷಿಸಬೇಕು. ನಮ್ಮ ದೇಹದೊಳಗೆ ದಿನದ ಗಡಿಯಾರವೊಂದಿದೆ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ರೋಗಿಗಳ ನಿದ್ದೆ, ಚಟುವಟಿಕೆ ಮತ್ತು ಸುತ್ತಲಿನ ಪರಿಸರದ ಪ್ರಭಾವವನ್ನು ಬೇರ್ಪಡಿಸಿ ನೋಡಲಾಯಿತು. ಆಗಲೂ ರಾತ್ರಿಯ ಹೊತ್ತಿನಲ್ಲಿ ಶ್ವಾಸಕೋಶದ ಸಾಮರ್ಥ್ಯ ಕುಗ್ಗುವುದು ಕಂಡಿತು. ಜಾವದ ಉಬ್ಬಸದಲ್ಲಿ ಚಳಿಯ ಪಾಲಿನೊಂದಿಗೆ ಈ ಗಡಿಯಾರದ ಪಾಲೂ ಇದೆ. ನೆಗಡಿ ತರುವ ರೈನೋವೈರಸ್ ಅಂತೂ ಮಕ್ಕಳಲ್ಲಿ ಅಸ್ತಮಾ ಉಲ್ಬಣಿಸುವುದಕ್ಕೆ ಪ್ರಮುಖ ಕಾರಣ.

ಹವೆಯನ್ನು ದೂರಿ ಸುಮ್ಮನಾಗದೆ ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ಸ್ಪೇನ್ ದೇಶದ ಬಾರ್ಸಿಲೋನಾ ನಗರವೇ ಸಾಕ್ಷಿ. ಅಲ್ಲಿ 1981ರಿಂದ 1987ರವರೆಗೆ 26 ಸಲ ಅಸ್ತಮಾ ಹಠಾತ್ತನೆ ಹಬ್ಬಿ, ರೋಗಿಗಳು ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ಆ ದಿನಗಳಲ್ಲಿ ವಾಯುಭಾರ ಹೆಚ್ಚಿತ್ತು, ಗಾಳಿ ಮಂದವಾಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ 'ಹವೆಯ ದೋಷ' ಎಂದೇ ತೀರ್ಮಾನವಾಗುತ್ತಿತ್ತು. ಸಂಶೋಧಕರು ಬಂದರಿನ ದಾಖಲೆಗಳನ್ನು ತಾಳೆ ನೋಡಿದರು. ಹಡಗಿನಿಂದ ಸೋಯಾ ಅವರೆ ಇಳಿಸಿದ ದಿನಗಳಲ್ಲೇ ರೋಗ ಹಬ್ಬಿತ್ತು! ಕಾಳು ತುಂಬುವ ಉಗ್ರಾಣಕ್ಕೆ ದೂಳು ತಡೆಯುವ ಶೋಧಕಗಳನ್ನು ಅಳವಡಿಸಿದ ಮೇಲೆ ಹಾವಳಿ ನಿಂತಿತು. ಹವೆ ದೂಳನ್ನು ಊರಿನ ಮೇಲೆ ಹರಡಿತ್ತು, ನಿಜ. ಆದರೆ ಹವೆಯನ್ನು ಬದಲಿಸಲಾಗದು, ಶೋಧಕವನ್ನು ಹಾಕಬಹುದು. ಮೆಕ್ಕೆಜೋಳದ ಕಣಗಳಿರುವ ನಮ್ಮ ಊರುಗಳಿಗೆ ಈ ಪಾಠ ದೂರದ್ದಲ್ಲ.

ಹವೆ ನೇರವಾಗಿ ಪಾತ್ರ ವಹಿಸಿದ ಪ್ರಸಂಗವೂ ಇದೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಗುಡುಗುಮಳೆಯ ಬೆನ್ನಿಗೇ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಜನ ಸತ್ತರು. ರೈ ಹುಲ್ಲಿನ ಪರಾಗಕಣಗಳು ತೇವದಲ್ಲಿ ಒಡೆದು ಸೂಕ್ಷ್ಮ ಚೂರುಗಳಾಗಿ, ಬಿರುಗಾಳಿಯೊಂದಿಗೆ ಕೆಳಗಿಳಿದು ಶ್ವಾಸಕೋಶದ ಆಳಕ್ಕೆ ಹೊಕ್ಕದ್ದು ಇದಕ್ಕೆ ಕಾರಣವೆಂದು ವಿವರಿಸಲಾಗಿದೆ. ಇಲ್ಲಿಯೂ ಹವೆಯ ಜೊತೆಗೆ ಪರಾಗ ಬೇಕಾಯಿತು.

ಕಾಲಮಾನಕ್ಕೆ ತಕ್ಕಂತೆ ಏರಿಳಿಯುವ ರೋಗ ನಮ್ಮನ್ನು ಇನ್ನೊಂದು ಬಗೆಯಲ್ಲೂ ಮೋಸಗೊಳಿಸುತ್ತದೆ. ಜೂನ್ ಮೊದಲ ಭಾಗದಲ್ಲಿ ಮೃಗಶಿರ ಮಳೆ ಕೂಡುವಾಗ ಹೈದರಾಬಾದಿನಲ್ಲಿ ಜೀವಂತ ಮೀನಿನೊಂದಿಗೆ ನುಂಗಿಸುವ ಔಷಧಿಗೆ ಸಾವಿರಾರು ಜನ ಸೇರುತ್ತಾರೆ. ನಮ್ಮ ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಯಲ್ಲೂ ಅದೇ ಮಳೆಗೆ ಅಸ್ತಮಾ ಔಷಧಿ ಕೊಡುವ ರೂಢಿ ಇದೆ. 'ಆಮೇಲೆ ಕಡಿಮೆಯಾಯಿತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅಸ್ತಮಾ ತಾನಾಗಿ ಏರಿ ತಾನಾಗಿ ಇಳಿಯುವ ರೋಗ. ಜನ ಔಷಧಿ ಹುಡುಕುವುದು ಏರಿದಾಗ. ಅಲ್ಲಿಂದ ಮುಂದೆ ಇಳಿಯುವ ಸಂಭವವೇ ಹೆಚ್ಚು. ಜೊತೆಗೆ ಮಳೆ ಬಿದ್ದು ಬೇಸಿಗೆಯ ದೂಳು ಅಡಗಿರುತ್ತದೆ. ಔಷಧಿ ನುಂಗಿದವರನ್ನು ನುಂಗದವರೊಂದಿಗೆ, ಅದೇ ಋತುವಿನಲ್ಲಿ ಹೋಲಿಸದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಪದವೊಂದನ್ನು ಹಿಡಿದು ಇಷ್ಟು ಚರ್ಚೆ ಏಕೆ ಎಂದು ನೀವು ಕೇಳಬಹುದು. ಚಳಿಯೇ ಕಾರಣವೆಂದು ನಂಬಿದ ಮನೆಯಲ್ಲಿ ಮಗುವನ್ನು ಒಲೆಯ ಪಕ್ಕ ಕೂರಿಸಿ ಬಾಗಿಲು ಮುಚ್ಚುತ್ತಾರೆ. ಹೊಗೆ ಆ ಮಗುವಿನ ಎದೆಗೇ ಹೋಗುತ್ತದೆ. ಆಟದಿಂದ ಮಗುವನ್ನು ದೂರವಿಡುತ್ತಾರೆ. ಬೇಸಿಗೆ ಬಂದೊಡನೆ ಉರಿಯೂತ ತಗ್ಗಿಸುವ ಇನ್‌ಹೇಲರನ್ನು ನಿಲ್ಲಿಸುತ್ತಾರೆ. ಉಬ್ಬಸ ಬಂದಾಗ ತಕ್ಷಣ ಆರಾಮ ಕೊಡುವ ಔಷಧಿಯನ್ನಷ್ಟೇ ನೆಚ್ಚುವುದು ಅಪಾಯಕಾರಿ. ಹದಿಹರೆಯದವರು ಮತ್ತು ವಯಸ್ಕರಿಗೆ ಅದೊಂದರಿಂದಲೇ ಚಿಕಿತ್ಸೆ ಮಾಡಬಾರದೆಂದು ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿತು. ಇನ್‌ಹೇಲರ್ 'ಚಟ' ಹಿಡಿಸುವುದಿಲ್ಲ. ಔಷಧಿಯನ್ನು ಬೇಕಾದ ಜಾಗಕ್ಕೆ ಮೈಕ್ರೋಗ್ರಾಂ ಪ್ರಮಾಣದಲ್ಲಿ ತಲಪಿಸುವ ಸಾಧನ ಅದು. ನಿಲ್ಲಿಸುವುದು, ಬದಲಿಸುವುದು ವೈದ್ಯರ ಸಲಹೆಯಂತೆಯೇ ಆಗಬೇಕು.

ನಿಮ್ಮ ಶಾಲೆಯಲ್ಲಿ ಒಣ ಹಾಗೂ ಒದ್ದೆ ಬುರುಡೆಯ ಉಷ್ಣತಾಮಾಪಕಗಳಿದ್ದರೆ ವರ್ಷವಿಡೀ ಬೆಳಗ್ಗೆ ಮತ್ತು ಮಧ್ಯಾಹ್ನ ಓದಿ ಬರೆದಿಡಿ. ಮೇಲಿನ ಲೆಕ್ಕವನ್ನು ನಿಮ್ಮ ಊರಿನ ಅಂಕಿಗಳಿಂದ ಮತ್ತೆ ಮಾಡಿ. ಅದರ ಪಕ್ಕದಲ್ಲಿ ಹೊಗೆ, ಕಣದ ದೂಳು, ಪಾರ್ಥೇನಿಯಂ ಹೂಬಿಟ್ಟ ಕಾಲ, ತರಗತಿಯಲ್ಲಿ ನೆಗಡಿಯಾದವರ ಸಂಖ್ಯೆ ಇವುಗಳಿಗೂ ಒಂದೊಂದು ಅಂಕಣ ಇರಲಿ. ಯಾವ ಮಗುವಿನ ಮೇಲೂ ಪ್ರಯೋಗ ಬೇಡ. ಒಂದು ವರ್ಷದ ನಂತರ ಆ ಪಟ್ಟಿಯನ್ನು ನೋಡಿದಾಗ 'ಆದ್ದರಿಂದ' ಎಂದು ಬರೆಯುವ ಮುನ್ನ ನಿಮ್ಮ ವಿದ್ಯಾರ್ಥಿಗಳು ಒಂದು ಕ್ಷಣ ತಡೆದು ಯೋಚಿಸಿದರೆ, ಪಾಠ ಮುಗಿದಂತೆ.